ಆಕ್ಸಿಜನ್ ಮನೆಗೆ ಕಳಿಸುತ್ತೀರಿ, ಬೆಂಕಿಯ ಮಾತು ಯಾಕೆ ಹೇಳುವುದಿಲ್ಲ?

ಬೆಳಗಾವಿಯ ಆಸ್ಪತ್ರೆಯಿಂದ ಬಿಡುಗಡೆಯಾದ ದಮ್ಮಿನ ರೋಗಿಯ ಗಾಡಿ ಟಿಳಕವಾಡಿ ದಾಟಿ ಖಾನಾಪುರ ರಸ್ತೆ ಹಿಡಿಯುತ್ತದೆ. ಕಾಲ ಬಳಿ ಕಪ್ಪು ಮೈ, ಬಿಳಿ ಕೊರಳಿನ ಸಿಲಿಂಡರ್. ಮನೆಯವರ ಕೈಯಲ್ಲಿ ಡಿಸ್ಚಾರ್ಜ್ ಚೀಟಿ. ಗುಳಿಗೆಗಳ ಹೆಸರು, ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಲೆಕ್ಕ ಇಂಗ್ಲಿಷಿನಲ್ಲಿರುತ್ತವೆ. ಬೆಂಕಿಯ ಬಗ್ಗೆ ಒಂದು ಸಾಲಾದರೂ ಇದೆಯೇ? ನಿಮ್ಮ ಮನೆಯಲ್ಲಿ ಅಂಥ ಚೀಟಿ ಇದ್ದರೆ ಈಗಲೇ ತೆಗೆದು ನೋಡಿ.

ನಮ್ಮ ತಕರಾರು ಇಷ್ಟೇ. ಬೆಂಕಿಯ ಎಚ್ಚರಿಕೆಯನ್ನು ಮನೆಯವರ ಭಾಷೆಯಲ್ಲಿ, ಅದು ಕನ್ನಡವಿರಲಿ ಮರಾಠಿಯಿರಲಿ, ಹೇಳಿಕೊಡದೆ ಯಾರ ಮನೆಗೂ ಆಕ್ಸಿಜನ್ ಕಳಿಸಬಾರದು.

ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ. ಉರಿಯುವ ವಸ್ತುವಿಗೆ ಹುಚ್ಚು ಹಿಡಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ಇರುವುದು ಶೇ. 21ರಷ್ಟು. ಮೂಗಿನ ನಳಿಕೆಯಿಂದ ಸೋರಿದ್ದು ಕೂದಲು, ಸೀರೆ, ಕೌದಿಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಬೀಡಿಯ ಒಂದು ಕಿಡಿ ಬಿದ್ದರೂ ಸಾಕು, ಭಗ್ಗೆಂದು ಹತ್ತಿಕೊಳ್ಳುತ್ತದೆ. 1967ರ ಜನವರಿ 27ರಂದು ಅಮೆರಿಕದ ಅಪೊಲೊ 1 ನೌಕೆಯಲ್ಲಿ, ನೆಲದ ಮೇಲೆಯೇ ಪರೀಕ್ಷೆ ನಡೆದಿದ್ದಾಗ, ಶುದ್ಧ ಆಕ್ಸಿಜನ್ ತುಂಬಿದ ಕೋಣೆಗೆ ಬೆಂಕಿ ಬಿದ್ದು ಮೂವರು ಗಗನಯಾತ್ರಿಗಳು ಸತ್ತರು. ಅಷ್ಟು ಓದಿದವರ ಕೈಯಲ್ಲೇ ಹೀಗಾಯಿತು. ಯಾರೂ ಏನೂ ಹೇಳಿಕೊಡದ ಹಳ್ಳಿ ಮನೆಯವರನ್ನು ‘ತಿಳಿವಳಿಕೆ ಇಲ್ಲದವರು’ ಎನ್ನಲು ಯಾರಿಗೆ ಬಾಯಿದೆ?

2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಆ ಕಾಲದಲ್ಲೇ ಪಿಎಂ ಕೇರ್ಸ್ ನಿಧಿಯಿಂದ 1 ಲಕ್ಷ ಕಾನ್ಸಂಟ್ರೇಟರ್ ಖರೀದಿಗೆ ಒಪ್ಪಿಗೆ ಸಿಕ್ಕಿತು. ಆಕ್ಸಿಜನ್ ಇಲ್ಲದೆ ಸಾಯಬಾರದು ಎಂಬುದನ್ನು ದೇಶ ಕಲಿಯಿತು. ಆಕ್ಸಿಜನ್ ಇದ್ದೂ ಸುಟ್ಟು ಸಾಯಬಾರದು ಎಂಬ ಪಾಠ ಬಾಕಿ ಇದೆ.

‘ಬೆಂಕಿಯಿಂದ ದೂರವಿಡಿ’ ಎಂದರೆ ಸಾಲದು. ಮಳೆಗಾಲದಲ್ಲಿ ಕಣಕುಂಬಿ, ಜಾಂಬೋಟಿ ಕಡೆಯ ಮನೆಗಳನ್ನು ನೆನೆಸಿಕೊಳ್ಳಿ. ಚಳಿಗೆ ರೋಗಿಯ ಹಾಸಿಗೆ ಒಲೆಯ ಹತ್ತಿರವೇ ಬರುತ್ತದೆ. ಕರೆಂಟು ಹೋಯಿತೆಂದರೆ ಮಷಿನ್ ನಿಲ್ಲುತ್ತದೆ, ಸಿಲಿಂಡರ್ ತೆರೆಯಬೇಕು. ಕತ್ತಲಲ್ಲಿ ಮೊದಲು ಕೈ ಹೋಗುವುದು ಕಡ್ಡಿಪೆಟ್ಟಿಗೆಗೆ! ಎಲ್ಲಕ್ಕಿಂತ ದೊಡ್ಡ ಅಪಾಯ ಆ ಗಳಿಗೆಯಲ್ಲೇ ಇದೆ. ಅದನ್ನು ಹೇಳಿಕೊಡದ ಎಚ್ಚರಿಕೆ ಯಾವ ಕೆಲಸಕ್ಕೆ ಬಂತು?

‘ಹೆದರಿಸಿದರೆ ಜನ ಆಕ್ಸಿಜನ್ ತೆಗೆದುಕೊಳ್ಳುವುದನ್ನೇ ಬಿಟ್ಟಾರು’ ಎನ್ನುವವರಿದ್ದಾರೆ. ಅಡುಗೆ ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದೆಂದು ನಮ್ಮ ಮಕ್ಕಳಿಗೂ ಗೊತ್ತು. ಹಾಗಂತ ಯಾರಾದರೂ ಗ್ಯಾಸ್ ಬಿಟ್ಟರೇ? ಆಕ್ಸಿಜನ್ನಿಗೆ ವಾಸನೆಯೂ ಇಲ್ಲ, ಸೋರಿದರೆ ಮೂಗಿಗೆ ತಿಳಿಯುವುದಿಲ್ಲ. ಹೇಳುವ ಅಗತ್ಯ ಇಲ್ಲೇ ಹೆಚ್ಚು.

ಅವರು ಹೇಳುವ ತನಕ ನಾವು ಹೇಳುತ್ತೇವೆ:

• ಒಲೆ, ದೇವರ ದೀಪ, ಊದಿನಕಡ್ಡಿ, ಸೊಳ್ಳೆಬತ್ತಿ ಎಲ್ಲವೂ ಕನಿಷ್ಠ 10 ಅಡಿ ದೂರವಿರಲಿ.
• ಆ ಕೋಣೆಯಲ್ಲಿ ಯಾರೂ ಬೀಡಿ, ಸಿಗರೇಟು ಸೇದಬಾರದು. ಬಂದ ನೆಂಟರೂ ಸೇದಬಾರದು.
• ಹಾಸಿಗೆಯ ಪಕ್ಕ ಬ್ಯಾಟರಿ ಇಡಿ. ಕಡ್ಡಿಪೆಟ್ಟಿಗೆ ಬೇಡ.
• ನಳಿಕೆ ತೆಗೆದಾಗ ಕೌದಿಯ ಮೇಲೆ ಹಾಗೇ ಬಿಡಬೇಡಿ, ಆಕ್ಸಿಜನ್ ಬಂದ್ ಮಾಡಿ. ಒಲೆಯ ಬಳಿ ಹೋಗುವ ಮುಂಚೆ 20 ನಿಮಿಷ ಗಾಳಿಗೆ ಕೂತಿರಿ. ಎಷ್ಟು ಹೊತ್ತು ಬಂದ್ ಮಾಡಬಹುದೆಂದು ಡಾಕ್ಟರರನ್ನು ಮೊದಲೇ ಕೇಳಿಕೊಳ್ಳಿ.
• ಮೂಗಿಗೆ, ಮುಖಕ್ಕೆ ಎಣ್ಣೆ, ವ್ಯಾಸಲಿನ್ ಹಚ್ಚಬೇಡಿ. ಎಣ್ಣೆಗೈಯಲ್ಲಿ ಸಿಲಿಂಡರಿನ ವಾಲ್ವ್ ಮುಟ್ಟಬೇಡಿ.
• ಸಿಲಿಂಡರ್ ಬೀಳದಂತೆ ಕಟ್ಟಿ ನಿಲ್ಲಿಸಿ.
• ಬೆಂಕಿ ಹತ್ತಿದರೆ ಮೊದಲು ರೋಗಿಯನ್ನು ಹೊರಗೆ ತನ್ನಿ, ಕೈಗೆ ಸಿಕ್ಕರೆ ಮಾತ್ರ ವಾಲ್ವ್ ಮುಚ್ಚಿ, 112ಕ್ಕೆ ಫೋನ್ ಮಾಡಿ.

ನಳಿಕೆಗೆ ಬೆಂಕಿ ತಗುಲಿದರೆ ಆಕ್ಸಿಜನ್ ಹರಿವನ್ನು ತಾನೇ ನಿಲ್ಲಿಸುವ ಸಣ್ಣ ತುಂಡೊಂದಿದೆ. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ಇಲಾಖೆ ತನ್ನ ರೋಗಿಗಳ ಮನೆಗಳಲ್ಲಿ ಅದು ಇರಲೇಬೇಕೆಂದು 2018ರಲ್ಲಿ ಆದೇಶಿಸಿತು. ಇಲ್ಲಿ ಬಾಡಿಗೆಗೆ ಮಷಿನ್ ಕೊಡುವವರೂ ಅದನ್ನು ಸೇರಿಸಿಯೇ ಕೊಡಲಿ. ಆಸ್ಪತ್ರೆಗಳು ಚೀಟಿಯ ಜೊತೆ ಕನ್ನಡ, ಮರಾಠಿಯಲ್ಲಿ ಒಂದು ಹಾಳೆ ಕೊಡಲಿ. ಆರೋಗ್ಯ ಇಲಾಖೆ ಅಂಥ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೂ ಅಗ್ನಿಶಾಮಕ ಠಾಣೆಗೂ ಮುಟ್ಟಿಸಲಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ.

ಅಲ್ಲಿಯವರೆಗೆ ನೀವೇ ಕೇಳಿ. ಸಿಲಿಂಡರ್ ಗಾಡಿಗೆ ಏರಿಸುವ ಮುಂಚೆ, ‘ಬೆಂಕಿಯ ವಿಷಯ ತಿಳಿಸಿ ಹೇಳಿ, ಆಮೇಲೆ ಒಯ್ಯುತ್ತೇವೆ’ ಎನ್ನಿ. ಹಣ ಕೊಟ್ಟವರಿಗೂ ಕೊಡದವರಿಗೂ ಆ ಹಕ್ಕು ಒಂದೇ.