ಕೋಣೆ ನೋಡಬೇಡಿ, ಬೀದಿ ನೋಡಿ

ಡಿಸೆಂಬರ್ ಬಂತು ಅಂದರೆ ಊರ ಕಡೆಯಿಂದ ಫೋನು ಶುರು. ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಸುತ್ತು. "ಅಣ್ಣಾ, ಹೈದರಾಬಾದಿಗೆ ಬರ್ತಾ ಇದ್ದೀವಿ. ಎರಡು ದಿನ. ಹೋಟೆಲ್ ಬುಕ್ ಮಾಡಿ ಆಯ್ತು. ಫೋಟೋ ಕಳಿಸಿದ್ದೀನಿ ನೋಡು, ಸೂಪರ್ ಆಗಿದೆ!"

ಫೋಟೋ ನೋಡ್ತೀನಿ. ಬಿಳೀ ಹಾಸಿಗೆ, ಅದರ ಮೇಲೆ ಹಂಸದ ಆಕಾರಕ್ಕೆ ಮಡಚಿಟ್ಟ ಟವೆಲ್ಲು, ಬಾತ್‌ರೂಮಿಗೆ ಗಾಜಿನ ಗೋಡೆ. ವಿಳಾಸ ನೋಡಿದರೆ ಗಚ್ಚಿಬೌಲಿಯಿಂದಲೂ ಆಚೆ. "ಏನೇನು ನೋಡಬೇಕು ಅಂತಿದ್ದೀರಪ್ಪಾ?" ಅಂತ ಕೇಳಿದರೆ ಪಟ್ಟಿ ಬರುತ್ತೆ: ಚಾರ್‌ಮಿನಾರ್, ಸಾಲಾರ್‌ಜಂಗ್ ಮ್ಯೂಸಿಯಂ, ಚೌಮಹಲ್ಲಾ, ಬಿರ್ಲಾ ಮಂದಿರ, ಹುಸೇನ್‌ಸಾಗರದ ಬುದ್ಧ, ಗೋಲ್ಕೊಂಡ. ಗೋಲ್ಕೊಂಡ ಒಂದನ್ನು ಬಿಟ್ಟರೆ ಆ ಪಟ್ಟಿಯಲ್ಲಿ ಇರೋದೆಲ್ಲ ಆ ಹೋಟೆಲಿನ ತದ್ವಿರುದ್ಧ ದಿಕ್ಕಿಗೆ!

ಇವತ್ತು ಈ ವಿಷಯದ ಮೇಲೆ ಸ್ವಲ್ಪ ಖಾರವಾಗೇ ಬರೀತೀನಿ. ಬೇಜಾರು ಮಾಡ್ಕೋಬೇಡಿ.

ನಮ್ಮ ಜನ ಮನೆ ಬಾಡಿಗೆಗೆ ಹಿಡಿಯೋವಾಗ ನೂರೆಂಟು ವಿಚಾರಿಸ್ತಾರೆ. ನೀರು ಬರುತ್ತಾ, ಬಸ್ ಸ್ಟಾಪ್ ಎಷ್ಟು ದೂರ, ಪಕ್ಕದಲ್ಲಿ ಕಿರಾಣಿ ಅಂಗಡಿ ಇದೆಯಾ, ಅಕ್ಕಪಕ್ಕದ ಜನ ಹ್ಯಾಗೆ. ಅದೇ ಜನ ಎರಡು ದಿನದ ಪ್ರವಾಸಕ್ಕೆ ಕೋಣೆ ಹಿಡಿಯೋವಾಗ ಕೇಳೋದು ಎರಡೇ ಪ್ರಶ್ನೆ: ರೇಟ್ ಎಷ್ಟು, ಸ್ಟಾರ್ ಎಷ್ಟು. ಆಪ್‌ನಲ್ಲಿ "ಹೈದರಾಬಾದ್" ಅಂತ ಬರೆದಿದ್ದರೆ ಸಾಕು, ಕಣ್ಣು ಮುಚ್ಚಿ ದುಡ್ಡು ಕಟ್ಟಿಬಿಡ್ತಾರೆ. ಸ್ವಾಮೀ, ಈ ಊರಿನ ಔಟರ್ ರಿಂಗ್ ರೋಡ್ 158 ಕಿಲೋಮೀಟರ್ ಉದ್ದ ಇದೆ. ಅದರ ಒಳಗೆ ಬಿದ್ದಿದ್ದೆಲ್ಲ ಹೈದರಾಬಾದೇ, ಹೊರಗಿನ ಶಂಷಾಬಾದ್ ಏರ್‌ಪೋರ್ಟ್ ಪಕ್ಕದ್ದೂ ಆಪ್ ಲೆಕ್ಕಕ್ಕೆ ಹೈದರಾಬಾದೇ. ಹೆಸರು ನಂಬಿ ಇಳಿದರೆ ಗತಿ ಏನು?

ಹೋದ ವರ್ಷ ನನ್ನ ಚಿಕ್ಕಪ್ಪನ ಮಗ ಸಂಸಾರ ಸಮೇತ ಬಂದಿದ್ದ. ಜೊತೆಗೆ ನಮ್ಮ ಚಿಕ್ಕಮ್ಮ, ಎಪ್ಪತ್ತು ದಾಟಿದವರು, ಮಂಡಿನೋವು. ಪಶ್ಚಿಮದ ಕಡೆ ಒಂದು ಹೊಸ ಹೋಟೆಲು. ರಾತ್ರಿ ರೈಲಿನಲ್ಲಿ ಬಂದು ಬೆಳಗಿನ ಜಾವ ಕಾಚಿಗುಡದಲ್ಲಿ ಇಳಿದು, ಕ್ಯಾಬ್ ಹಿಡಿದು ಅಲ್ಲಿಗೆ ತಲುಪಿದರೆ "ಚೆಕ್‌ಇನ್ ಮಧ್ಯಾಹ್ನ ಎರಡಕ್ಕೆ ಸರ್" ಅಂದರಂತೆ. ಚಿಕ್ಕಮ್ಮ ಲಾಬಿಯ ಸೋಫಾದ ಮೇಲೆ ಕೂತೇ ಬೆಳಗು ಕಳೆದರು. ಆಮೇಲೆ ಕ್ಯಾಬಿನಲ್ಲಿ ಮತ್ತೆ ಬಂದ ದಾರಿಯಲ್ಲೇ ವಾಪಸ್ಸು, ಚಾರ್‌ಮಿನಾರ್ ಕಡೆಗೆ. ಮೆಹದಿಪಟ್ನಂ ದಾಟೋ ಹೊತ್ತಿಗೆ ಅವರ ಕಾಲು ಊದಿತ್ತು. "ನಾನು ಕಾರಲ್ಲೇ ಇರ್ತೀನಿ, ನೀವು ನೋಡಿ ಬನ್ನಿ" ಅಂದರಂತೆ. ಐವತ್ತು ವರ್ಷದಿಂದ ನೋಡಬೇಕು ಅಂತಿದ್ದ ಚಾರ್‌ಮಿನಾರನ್ನ ಆ ಹೆಂಗಸು ಕಾರಿನ ಕಿಟಕಿಯಿಂದ ನೋಡಿಕೊಂಡು ಹೋದರು. ನನಗೆ ಸಿಟ್ಟು ಬಂದಿದ್ದು ಅದಕ್ಕೆ. ಹಾಸಿಗೆ ಮೆತ್ತಗಿತ್ತು, ಬಫೆ ಚೆನ್ನಾಗಿತ್ತು ಅಂತ ಅವನು ಐದು ಸ್ಟಾರ್ ಕೊಟ್ಟ. ಚಿಕ್ಕಮ್ಮನನ್ನ ಕೇಳಿದ್ದರೆ ಎಷ್ಟು ಕೊಡ್ತಿದ್ದರೋ!

ಈಗ ಲೆಕ್ಕಕ್ಕೆ ಬರೋಣ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಲೆಕ್ಕ ಇಲ್ಲದೆ ವಾದ ಮಾಡೋಕೆ ಬರೋದಿಲ್ಲ.

ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರ ತನಕ ಅಂದರೆ ದಿನಕ್ಕೆ ಹತ್ತು ಗಂಟೆ ಓಡಾಟ. ಎರಡು ದಿನಕ್ಕೆ ಇಪ್ಪತ್ತು ಗಂಟೆ. ಇಷ್ಟೇ ನಿಮ್ಮ ಪ್ರವಾಸದ ಬಂಡವಾಳ. ಹೈಟೆಕ್ ಸಿಟಿಯಿಂದ ಚಾರ್‌ಮಿನಾರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸಂಜೆ ಹೊತ್ತಿನ ಟ್ರಾಫಿಕ್ಕಿನಲ್ಲಿ ಒಂದು ಕಡೆಗೆ ಒಂದೂವರೆ ಗಂಟೆ ಅಂತ ಇಟ್ಟುಕೊಳ್ಳಿ. ಹೋಗಿ ಬರೋಕೆ ಮೂರು ಗಂಟೆ, ಎರಡು ದಿನಕ್ಕೆ ಆರು. ಇಪ್ಪತ್ತರಲ್ಲಿ ಆರು ಅಂದರೆ ನೂರಕ್ಕೆ ಮೂವತ್ತು. ಬಂಡವಾಳದಲ್ಲಿ ಶೇಕಡ ಮೂವತ್ತು ಕಮಿಷನ್ ಕೊಟ್ಟು ಯಾರಾದರೂ ವ್ಯವಹಾರ ಮಾಡ್ತಾರೇನ್ರೀ? ಕೋಣೆ ಬಾಡಿಗೆಯಲ್ಲಿ ಸಾವಿರ ಉಳಿಸಿದೆ ಅಂತ ಬೀಗ್ತೀರಲ್ಲ, ಆ ಸಾವಿರ ಕ್ಯಾಬಿನವನ ಜೇಬಿಗೆ ಹೋಗಿರುತ್ತೆ, ಮೇಲೆ ಆರು ಗಂಟೆ ಬಡ್ಡಿ.

ಹಾಗಾದರೆ ಎಲ್ಲಿ ಇಳೀಬೇಕು? ನಾನಿರೋ ಬೇಗಂಪೇಟೆಯನ್ನೇ ಉದಾಹರಣೆಗೆ ತಗೊಳ್ತೀನಿ. "ತನ್ನ ಏರಿಯಾ ಅಂತ ಹೊಗಳ್ತಾನೆ" ಅಂತೀರಿ. ಅನ್ನಿ, ಪರವಾಗಿಲ್ಲ.

ಇಲ್ಲಿ ಇಷ್ಟೊಂದು ಹೋಟೆಲ್ ಯಾಕಿವೆ ಗೊತ್ತಾ? ಊರಿನ ವಿಮಾನ ನಿಲ್ದಾಣ ಇದ್ದಿದ್ದೇ ಇಲ್ಲಿ. 2008ರ ಮಾರ್ಚ್ 23ರಂದು ಪ್ರಯಾಣಿಕರ ವಿಮಾನಗಳೆಲ್ಲ ಶಂಷಾಬಾದಿಗೆ ಹೋದವು. ವಿಮಾನ ಹೋಯಿತು, ಹೋಟೆಲ್‌ಗಳು ಉಳಿದವು. ದೊಡ್ಡದೂ ಇವೆ, ನಮ್ಮಂಥವರ ಜೇಬಿಗೆ ಹೊಂದೋ ಮಧ್ಯಮದವೂ ಇವೆ. ಆಮೇಲೆ 2017ರ ನವೆಂಬರಿನಲ್ಲಿ ಮೆಟ್ರೊ ಬಂತು. ಬೇಗಂಪೇಟೆಯಲ್ಲಿ ಹತ್ತಿದರೆ ಮುಂದಿನ ಸ್ಟೇಷನ್ನೇ ಅಮೀರ್‌ಪೇಟೆ. ಅಲ್ಲಿ ರೈಲು ಬದಲಿಸಿದರೆ ಲಕಡಿಕಾಪೂಲ್, ಅಸೆಂಬ್ಲಿ, ನಾಂಪಲ್ಲಿ ದಾಟಿ ನೇರ ಎಂಜಿಬಿಎಸ್. ಅಲ್ಲಿಂದ ಸಾಲಾರ್‌ಜಂಗ್‌ಗೆ ಆಟೋದಲ್ಲಿ ಐದು-ಹತ್ತು ನಿಮಿಷ, ಚಾರ್‌ಮಿನಾರಿಗೆ ಸುಮಾರು ಎರಡು ಕಿಲೋಮೀಟರ್. 2025ರ ಮೇ ತಿಂಗಳಲ್ಲಿ ದರ ಏರಿಸಿದ ಮೇಲೂ ಒಬ್ಬರ ಟಿಕೆಟ್ಟು ನೂರು ರೂಪಾಯಿ ಮುಟ್ಟೋದಿಲ್ಲ. ಚಾರ್‌ಮಿನಾರಿನ ಹತ್ತಿರಕ್ಕೇ ಮೆಟ್ರೊ ಇಲ್ಲ ಅನ್ನೋದೊಂದು ಕೊರತೆ. ಇದ್ದಷ್ಟನ್ನಾದರೂ ಬಳಸಿಕೊಳ್ಳಬೇಕಲ್ಲ!

"ಹೈಟೆಕ್ ಸಿಟಿಗೂ ಮೆಟ್ರೊ ಇದೆಯಲ್ಲ ಸಾರ್" ಅಂತ ಒಬ್ಬರು ವಾದ ಮಾಡಿದರು. ಇದೆ. 2019ರಲ್ಲಿ ರಾಯದುರ್ಗದವರೆಗೆ ಬಂತು, ಅಲ್ಲಿಗೆ ಮುಗೀತು. ಹೋಟೆಲ್ ಇರೋದು ಕೊಂಡಾಪುರದಲ್ಲೋ ನಾನಕ್‌ರಾಮ್‌ಗುಡದಲ್ಲೋ ಆದರೆ ಮೊದಲು ಆಟೋ ಹಿಡಿದು ರಾಯದುರ್ಗಕ್ಕೆ ಬರಬೇಕು. ಅಲ್ಲಿಂದ ಒಂಬತ್ತನೇ ಸ್ಟೇಷನ್ನು ಅಮೀರ್‌ಪೇಟೆ. ಬೇಗಂಪೇಟೆಯವನಿಗೆ ಅದು ಮೊದಲನೇ ಸ್ಟೇಷನ್ನು.

ರೈಲಿನ ವಿಷಯವೂ ಕೇಳಿ. ಕಲಬುರಗಿ, ವಾಡಿ, ಸೇಡಂ ಕಡೆಯಿಂದ ಬರೋ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಬೇಗಂಪೇಟೆಯಲ್ಲೇ ನಿಲ್ಲುತ್ತೆ. ಸ್ಟೇಷನ್ನೂ 2025ರಲ್ಲಿ ಹೊಸದಾಗಿದೆ. ಬೆಂಗಳೂರು ಕಡೆಯವರಿಗೆ ಕಾಚಿಗುಡ. 2023ರ ಸೆಪ್ಟೆಂಬರಿನಿಂದ ಯಶವಂತಪುರ-ಕಾಚಿಗುಡ ವಂದೇ ಭಾರತ್ ಕೂಡ ಇದೆ. ಅಂಥವರು ಬೇಗಂಪೇಟೆ ತನಕವೂ ಬರಬೇಕಾಗಿಲ್ಲ. ಕಾಚಿಗುಡ, ನಾಂಪಲ್ಲಿ, ಲಕಡಿಕಾಪೂಲ್ ಸುತ್ತಮುತ್ತ ಇಳೀಬಹುದು. ನನ್ನ ಹಟ ಬೇಗಂಪೇಟೆಗಲ್ಲ. ಇಳಿಯೋ ಜಾಗ, ನೋಡೋ ಜಾಗ, ಹತ್ತೋ ರೈಲು ಮೂರೂ ಒಂದಕ್ಕೊಂದು ಹತ್ತಿರ ಇರಲಿ ಅನ್ನೋದಷ್ಟೇ.

ಇದೇ ನ್ಯಾಯ ಉಲ್ಟಾನೂ ಹೊಡೆಯುತ್ತೆ. ಅಮೆರಿಕದ ಕಾನ್ಸುಲೇಟ್ ಮೊದಲು ಬೇಗಂಪೇಟೆಯ ಪೈಗಾ ಅರಮನೆಯಲ್ಲಿತ್ತು. 2023ರ ಮಾರ್ಚಿನಲ್ಲಿ ನಾನಕ್‌ರಾಮ್‌ಗುಡಕ್ಕೆ ಹೋಯಿತು. ಹಳೇ ನೆನಪಿನಲ್ಲಿ ಅಲ್ಲಿನ ಕೆಲಸಕ್ಕೆ ಬರೋರು ಬೇಗಂಪೇಟೆಯಲ್ಲಿ ಕೋಣೆ ಹಿಡಿದರೆ ಅವರಿಗೂ ನಾನು ಇದೇ ಮಾತು ಹೇಳ್ತೀನಿ, ಬೇಡ, ಆ ಕಡೆಗೇ ಹೋಗಿ. ರಾಮೋಜಿ ಫಿಲ್ಮ್ ಸಿಟಿ ಒಂದೇ ಸಾಕು ಅನ್ನೋರಿಗೆ ಎಲ್.ಬಿ. ನಗರದ ಕಡೆ ವಾಸಿ.

ಬೇಗಂಪೇಟೆ ಸ್ವರ್ಗ ಅಂತ ನಾನು ಹೇಳ್ತಾ ಇಲ್ಲ. ಹಳೇ ಹೋಟೆಲ್‌ಗಳಲ್ಲಿ ಕಾರ್ಪೆಟ್ಟು ಮುಗ್ಗಲು ವಾಸನೆ ಬರುತ್ತೆ. ಜೋರು ಮಳೆ ಬಂದರೆ ನಾಲೆ ಪಕ್ಕದ ಬೀದಿಗಳಲ್ಲಿ ನೀರು ನಿಲ್ಲುತ್ತೆ. ಟವೆಲ್ಲಿನ ಹಂಸ ಯಾರೂ ಮಾಡಿಡೋದಿಲ್ಲ. ಆದರೆ ಬೆಳಗ್ಗೆ ಏಳಕ್ಕೆ ಹೊರಗೆ ಬಂದರೆ ಬೀದಿ ಇರುತ್ತೆ. ಅಮೀರ್‌ಪೇಟೆ ಅಂದರೆ ಕಂಪ್ಯೂಟರ್ ಕೋಚಿಂಗಿನ ಹುಡುಗರ ಊರು. ಹಾಸ್ಟೆಲ್ ಹುಡುಗರು ತಿನ್ನೋ ಕಡೆ ಇಡ್ಲಿ-ದೋಸೆ ಬಿಸಿಯೂ ಇರುತ್ತೆ, ಅಗ್ಗವೂ ಇರುತ್ತೆ. ಗಾಜಿನ ಕಟ್ಟಡಗಳ ಕಡೆ ಬೆಳಗ್ಗೆ ಹೊರಗೆ ಬಂದರೆ ಎಂಟು ಸಾಲಿನ ರಸ್ತೆ, ದಾಟೋಕೂ ಕಷ್ಟ. ಕಾಫಿ ಬೇಕಾದರೂ ಮತ್ತೆ ಲಾಬಿಗೇ ಹೋಗಬೇಕು.

ಕಾಫಿ ಅಂದ ಮೇಲೆ ತೆರಿಗೆ ನೆನಪಾಯ್ತು. ದಿನದ ಬಾಡಿಗೆ 7,500 ರೂಪಾಯಿ ತನಕ ಇರೋ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5 (ಮೊದಲು 12 ಇತ್ತು). ಅದನ್ನ ದಾಟಿದರೆ ಪೂರ್ತಿ ಮೊತ್ತದ ಮೇಲೆ ಶೇ. 18. ಅಂದರೆ 7,400ರ ಕೋಣೆಗೆ ನೀವು ಕೊಡೋದು 7,770. ಬರೀ ಇನ್ನೂರು ಹೆಚ್ಚಿನ 7,600ರ ಕೋಣೆಗೆ 8,968! ಅಂಥ ದುಬಾರಿ ಹೋಟೆಲಿನ ರೆಸ್ಟೋರೆಂಟಿನಲ್ಲಿ ಕೂತು ಇಡ್ಲಿ ತಿಂದರೂ ಶೇ. 18, ಹೊರಗಿನ ಸಾಮಾನ್ಯ ಹೋಟೆಲಿನಲ್ಲಿ ಶೇ. 5. ಫೋಟೋದಲ್ಲಿ ಇದ್ಯಾವುದೂ ಕಾಣೋದಿಲ್ಲ.

ಇನ್ನೊಂದು ಮಾತು. ಇದು ದುಡ್ಡಿನದ್ದಲ್ಲ. ವಾಪಸ್ಸು ಹೋಗೋವಾಗ ಇವರೆಲ್ಲ ಹೇಳೋ ಡೈಲಾಗು ಒಂದೇ: "ಹೈದರಾಬಾದಿನಲ್ಲಿ ಏನೂ ಇಲ್ಲ ಅಣ್ಣಾ, ಬರೀ ಟ್ರಾಫಿಕ್ಕು, ಬೆಂಗಳೂರಿನ ಹಾಗೇ." ಬೆಂಗಳೂರಿನ ಔಟರ್ ರಿಂಗ್ ರೋಡಿನಂಥದ್ದೇ ಜಾಗದಲ್ಲಿ ಇಳಿದರೆ ಬೆಂಗಳೂರಿನ ಹಾಗೇ ಕಾಣದೆ ಮೈಸೂರಿನ ಹಾಗೆ ಕಾಣುತ್ತಾ? ಬೀದರ್, ಕಲಬುರಗಿ, ರಾಯಚೂರಿನವರಿಗೆ 1956ರ ನವೆಂಬರ್ ಒಂದರ ತನಕ ಇದು ರಾಜಧಾನಿ. ಅವರ ಅಜ್ಜಂದಿರು ಕಚೇರಿ ಕೆಲಸಕ್ಕೆ, ಓದಿಗೆ, ವ್ಯಾಪಾರಕ್ಕೆ ಓಡಾಡಿದ ಊರು. ಅಲ್ಲಿನ ಮೊಮ್ಮಕ್ಕಳು ಬಂದು ಒಂದು ಮಾಲ್ ನೋಡಿ, ಒಂದು ಫ್ಲೈಓವರ್ ಮೇಲೆ ಸೆಲ್ಫಿ ತಗೊಂಡು ಹೋದರೆ ನನಗೆ ನೋವಾಗುತ್ತೆ. ಮಕ್ಕಳಿಗೆ ಊರು ತೋರಿಸೋಕೆ ಬಂದವರು ಊರಿನೊಳಗೆ ಇಳೀಬೇಕು.

ನಮ್ಮ ಬೇಗಂಪೇಟೆಯಲ್ಲೇ ನೋಡಿ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಮಗಳು ಬಷೀರ್-ಉನ್-ನಿಸಾ ಬೇಗಂಗೆ ಮದುವೆಯಲ್ಲಿ ಬಳುವಳಿಯಾಗಿ ಬಂದ ಜಾಗ, ಅದಕ್ಕೇ ಈ ಹೆಸರು ಅಂತ ಹೇಳ್ತಾರೆ. 1906ರಲ್ಲಿ ಮುಗಿದ ಸ್ಪ್ಯಾನಿಷ್ ಮಸೀದಿ ಇಲ್ಲಿದೆ. ಅದನ್ನ ಶುರು ಮಾಡಿದ ವಿಕಾರ್-ಉಲ್-ಉಮ್ರಾನೇ ಫಲಕ್‌ನುಮಾ ಅರಮನೆಯನ್ನೂ ಕಟ್ಟಿಸಿದವನು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡುಹಿಡಿದಿದ್ದೂ ಇಲ್ಲೇ. ಆ ಕೆಲಸಕ್ಕೆ 1902ರಲ್ಲಿ ನೊಬೆಲ್ ಬಂತು. ಇದಕ್ಕೆಲ್ಲ ಕ್ಯಾಬ್ ಬೇಡ, ತಿಂಡಿ ತಿಂದ ಮೇಲೆ ಒಂದು ಆಟೋ ಸಾಕು.

ಕೊನೆಗೆ ನೆಂಟಸ್ತಿಕೆ ವಿಷಯ. ಇಪ್ಪತ್ತೈದು ಕಿಲೋಮೀಟರ್ ದೂರ ಇಳಿದು "ನೀವು ನಮ್ಮನ್ನ ನೋಡೋಕೂ ಬರಲಿಲ್ಲ" ಅಂತ ಊರಿಗೆ ಹೋಗಿ ಹೇಳಬೇಡಿ. ನಮ್ಮಂಥ ವಲಸಿಗರ ಮನೆ ಎರಡು ಬೆಡ್‌ರೂಮಿನದು, ಆರು ಜನಕ್ಕೆ ಹಾಸಿಗೆ ಸಾಲೋದಿಲ್ಲ, ನಿಜ. ಆದರೆ ಹತ್ತಿರ ಇಳಿದರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಮಕ್ಕಳು ಮಕ್ಕಳ ಜೊತೆ ಕನ್ನಡದಲ್ಲಿ ಜಗಳ ಆಡ್ತಾರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅದು ಸಿಗೋದು ವರ್ಷಕ್ಕೆ ಒಂದೋ ಎರಡೋ ಸಲ. ಅದನ್ನೂ ಟ್ರಾಫಿಕ್ಕಿಗೆ ಕೊಡಬೇಡಿ.

ಆದ್ದರಿಂದ ದುಡ್ಡು ಕಟ್ಟೋ ಮೊದಲು ನಾಲ್ಕು ಕೆಲಸ ಮಾಡಿ. ಒಂದು, ನೋಡಬೇಕಾದ ಜಾಗಗಳನ್ನ ಮ್ಯಾಪಿನಲ್ಲಿ ಗುರುತು ಹಾಕಿ, ಆಮೇಲೆ ಅವುಗಳ ನಡುವೆ ಕೋಣೆ ಹುಡುಕಿ. ಎರಡು, ಹತ್ತಿರದ ಮೆಟ್ರೊ ಸ್ಟೇಷನ್ನಿಗೆ ನಡೆದು ಹೋಗಬಹುದಾ ನೋಡಿ. "ಹತ್ತು ನಿಮಿಷ" ಅಂತ ಬರೆದಿದ್ದರೆ ನಡಿಗೆಯೋ ಕಾರೋ ಅಂತ ಕೇಳಿ. ಮೂರು, ಹೋಟೆಲಿಗೇ ಫೋನ್ ಮಾಡಿ, ಬೆಳಗ್ಗೆ ಆರಕ್ಕೆ ಬಂದರೆ ಕೋಣೆ ಕೊಡ್ತಾರಾ ವಿಚಾರಿಸಿ. 24 ಗಂಟೆ ಲೆಕ್ಕದ ಲಾಡ್ಜ್‌ಗಳು ಇನ್ನೂ ಇವೆ, ರಾತ್ರಿ ರೈಲಿನವರಿಗೆ ಅದೇ ಸರಿ. ನಾಲ್ಕು, ಶುಕ್ರವಾರ ಸಾಲಾರ್‌ಜಂಗ್, ಚೌಮಹಲ್ಲಾ ಎರಡಕ್ಕೂ ರಜೆ, ಅದನ್ನ ನೋಡಿಕೊಂಡು ದಿನ ಇಟ್ಟುಕೊಳ್ಳಿ.

ಜೊತೆಗೆ ವಯಸ್ಸಾದವರು ಇದ್ದರೆ ಅವರಿಗೆ ಹಾಸಿಗೆಗಿಂತ ದೂರ ಮುಖ್ಯ. ಅವರ ಕಾಲಿನ ಲೆಕ್ಕ ಹಾಕಿ ಕೋಣೆ ಹಿಡೀರಿ. ಏನಂತೀರಿ?