ಬಾಣಂತಿಯ ಇಳಿಯದ ಜ್ವರ

ಹೆರಿಗೆಯಾಗಿ ನಾಲ್ಕೈದು ದಿನಗಳಾಗಿವೆ. ಇದ್ದಕ್ಕಿದ್ದಂತೆ ಬಾಣಂತಿಗೆ ಚಳಿಜ್ವರ, ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು. ಮನೆಯ ಹಿರಿಯರು ‘ನಂಜು’ ಎನ್ನುತ್ತಾರೆ. ವೈದ್ಯರೂ ಮೊದಲು ಗರ್ಭಕೋಶದ ಸೋಂಕು ಇಲ್ಲವೇ ಅಪೆಂಡಿಸೈಟಿಸ್ ಇರಬಹುದೆಂದು ಶಂಕಿಸುತ್ತಾರೆ. ಅದು ತಪ್ಪಲ್ಲ. ಆದರೆ ಆ್ಯಂಟಿಬಯೋಟಿಕ್ ಕೊಟ್ಟು ಎರಡು ಮೂರು ದಿನ ಕಳೆದರೂ ಜ್ವರ ಜಗ್ಗದಿದ್ದರೆ ಅಪರೂಪದ ಇನ್ನೊಂದು ಕಾರಣವನ್ನೂ ಯೋಚಿಸಬೇಕು. ಅದೇ ಅಂಡಾಶಯದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು.

ಅಂಡಾಶಯದಿಂದ ಅಶುದ್ಧ ರಕ್ತವನ್ನು ಮೇಲಕ್ಕೆ ಒಯ್ಯುವ ಈ ರಕ್ತನಾಳ ಬಸಿರಿನಲ್ಲಿ ಬಹಳ ಹಿಗ್ಗಿರುತ್ತದೆ. ಹೆರಿಗೆಯಾದೊಡನೆ ಅದರಲ್ಲಿ ರಕ್ತದ ಹರಿವು ಮಂದವಾಗುತ್ತದೆ. ಇತ್ತ ಹೆರಿಗೆಯ ರಕ್ತಸ್ರಾವದಿಂದ ತಾಯಿಯನ್ನು ಕಾಪಾಡಲೆಂದು ಪ್ರಕೃತಿಯೇ ಬಸುರಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಕೊಟ್ಟಿರುತ್ತದೆ. ಈ ಏರ್ಪಾಡು ಹೆರಿಗೆಯ ನಂತರವೂ ಕೆಲವು ವಾರ ಮುಂದುವರಿಯುತ್ತದೆ. ಜೊತೆಗೆ ಸೋಂಕೂ ಸೇರಿದರೆ ಹೆಪ್ಪು ಕಟ್ಟಲು ಇನ್ನೇನು ಬೇಕು? ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ಇದು ಬಲಗಡೆಯೇ ಆಗುವುದರಿಂದ ಅಪೆಂಡಿಸೈಟಿಸ್ ಎಂಬ ತಪ್ಪು ತಿಳಿವಳಿಕೆ ಸುಲಭ. ಹಾಗೆಂದೇ ಹೊಟ್ಟೆ ಕೊಯ್ದು ನೋಡಿ, ಅಪೆಂಡಿಕ್ಸ್ ಸರಿಯಾಗಿಯೇ ಇದ್ದುದನ್ನು ಕಂಡ ಉದಾಹರಣೆಗಳೂ ಉಂಟು.

ಸಿಸೇರಿಯನ್ ಆದವರಲ್ಲಿ ಇದರ ಸಂಭವ ಹೆಚ್ಚು. ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಕ್ಯಾನ್ಸರ್‌ನಿಂದ ಬಸುರಿಯಲ್ಲದವರಿಗೂ ಬರಬಹುದು.

ನಮ್ಮಲ್ಲಿ ಕೆಲವು ಮನೆಗಳಲ್ಲಿ ಬಾಣಂತಿಯನ್ನು ಮಂಚದಿಂದ ಇಳಿಯಗೊಡುವುದಿಲ್ಲ, ಬಾಯಾರಿದರೂ ಗುಟುಕು ನೀರಿಗಿಂತ ಹೆಚ್ಚು ಕೊಡುವುದಿಲ್ಲ. ಅಕ್ಕರೆಯಿಂದಲೇ ನಡೆಯುವ ಪಥ್ಯ, ನಿಜ. ಆದರೆ ಅಲುಗಾಡದ ಮೈ, ನೀರು ಸಾಲದ ರಕ್ತ ಎರಡೂ ಹೆಪ್ಪುಗಟ್ಟುವಿಕೆಗೆ ಅನುಕೂಲ. ವೈದ್ಯರು ಒಪ್ಪಿದ ಕೂಡಲೇ ಬಾಣಂತಿ ಎದ್ದು ಓಡಾಡಬೇಕು, ಬೇಕೆನಿಸಿದಷ್ಟು ನೀರು ಕುಡಿಯಬೇಕು.

ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ವಾಯು ಅಡ್ಡವಾಗಿ ಹೆಪ್ಪು ಕಾಣದೆ ಹೋಗಬಹುದು. ರಕ್ತನಾಳಕ್ಕೆ ಔಷಧಿ ಕೊಟ್ಟು ತೆಗೆಯುವ ಸಿ.ಟಿ. ಸ್ಕ್ಯಾನ್ ಇದನ್ನು ಚೆನ್ನಾಗಿ ತೋರಿಸುತ್ತದೆ. ಪತ್ತೆಯಾಗದೆ ಉಳಿದ ಹೆಪ್ಪು ದೊಡ್ಡ ಅಭಿಧಮನಿಗೆ ಬೆಳೆದು, ಅದರ ತುಣುಕು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಬಾಣಂತಿಗೆ ಹಠಾತ್ತನೆ ಉಬ್ಬಸ, ಎದೆನೋವು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಬೇಕಿಲ್ಲ. ಆ್ಯಂಟಿಬಯೋಟಿಕ್ ಜೊತೆಗೆ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು, ನಂತರ ಕೆಲವು ತಿಂಗಳು ವಾರ್ಫರಿನ್ ಮಾತ್ರೆ ಕೊಡುವುದು ವಾಡಿಕೆ. ಮಾತ್ರೆಯ ಪ್ರಮಾಣವನ್ನು ಆಗಾಗ ರಕ್ತಪರೀಕ್ಷೆ ಮಾಡಿ ವೈದ್ಯರೇ ಗೊತ್ತುಪಡಿಸುತ್ತಾರೆ. ಈ ಎರಡು ಔಷಧಿಗಳಿಗಾಗಿ ಮಗುವಿಗೆ ಎದೆಹಾಲು ಬಿಡಿಸಬೇಕಾಗಿಲ್ಲ.