ಟೆನ್ಷನ್ ಮಾಡ್ಕೋಬೇಡಿ ಎನ್ನುವವರಿಗೆ

ಅಡುಗೆಮನೆಯಲ್ಲಿ ತಲೆ ಸುತ್ತಿ ಕುಸಿದು ಕೂತ ದಿನ ಡಾಕ್ಟರು ನನ್ನ ಬಿ.ಪಿ. ನೋಡಿದರು. 160 ದಾಟಿತ್ತು. ಮಾತ್ರೆ ಬರೆದು, "ಟೆನ್ಷನ್ ಮಾಡ್ಕೋಬೇಡಿ ಅಮ್ಮ. ದಿನಾ ಅರ್ಧ ಗಂಟೆ ನಡೀರಿ, ಪ್ರಾಣಾಯಾಮ ಮಾಡಿ" ಎಂದರು. ಪಕ್ಕದಲ್ಲಿದ್ದ ನಮ್ಮವರು, "ನಾನೂ ಅದನ್ನೇ ಹೇಳ್ತೀನಿ ಸಾರ್, ಕೇಳೋದೇ ಇಲ್ಲ" ಎಂದು ತಲೆಯಾಡಿಸಿದರು. ನನಗೆ ನಗು ಬಂತು. ಬಿ.ಪಿ. ಇಳಿಸುವಂಥ ನಗುವಲ್ಲ ಅದು.

ಆ ಅರ್ಧ ಗಂಟೆ ಎಲ್ಲಿದೆ ಸ್ವಾಮಿ? ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ನಲ್ಲಿಯಲ್ಲಿ ನೀರು ಬರುವ ದಿನ ನಾಲ್ಕೂವರೆಗೆ. ಹಾಲು, ತಿಂಡಿ, ನಾಲ್ಕು ಡಬ್ಬಿ, ಅತ್ತೆಯವರಿಗೆ ಬೇರೆಯಾಗಿ ಉಪ್ಪು ಕಡಿಮೆಯ ಸಾರು. ಓಡಿ ಬಸ್ಸು ಹಿಡಿದರೆ ಆಫೀಸು. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ "ಕಾಫಿ ಆಯ್ತಾ?" ಈ ನಡುವೆ ಕಣ್ಣು ಮುಚ್ಚಿ ಉಸಿರು ಎಳೆದರೆ ಮೂಗಿಗೆ ಬಡಿಯುವುದು ಹಾಲು ಸೀದ ವಾಸನೆ.

ನಮ್ಮ ಮಹಿಳಾ ಮಂಡಳಿಯಲ್ಲೂ ಒತ್ತಡ ನಿರ್ವಹಣೆಯ ಉಪನ್ಯಾಸವಾಯಿತು. ಸಂಗೀತ ಕೇಳಿ, ಒಳ್ಳೆಯದನ್ನೇ ಯೋಚಿಸಿ ಎಂದರು. ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವವರು ಯಾರು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒತ್ತಡವನ್ನು ವೈದ್ಯಶಾಸ್ತ್ರದ ವಿಷಯವನ್ನಾಗಿ ಮಾಡಿದವರು ಹ್ಯಾನ್ಸ್ ಸೆಲ್ಯೆ. ಅವರು 1936ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಲಿಗಳನ್ನು ಚಳಿಗೆ, ಅತಿಯಾದ ಶ್ರಮಕ್ಕೆ ಒಡ್ಡಿದ್ದರು. ಇಲಿಗಳು ಮೊದಲು ಹೆದರಿದವು, ಆಮೇಲೆ ಹೊಂದಿಕೊಂಡವು, ಹಿಂಸೆ ನಿಲ್ಲದೇ ಹೋದಾಗ ಸೋತುಹೋದವು. ಆ ಇಲಿಗೆ ಬೇಕಿದ್ದದ್ದು ಉಪದೇಶವಲ್ಲ, ಚಳಿಯಿಂದ ಎತ್ತಿಕೊಳ್ಳುವ ಒಂದು ಕೈ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಇದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಕೈಯೇ ಹಾಕದ ಮಹಾಶಯರು ಇದರಲ್ಲಿಲ್ಲ. ವ್ಯತ್ಯಾಸ 201 ನಿಮಿಷ. ಡಾಕ್ಟರು ಹೇಳಿದ ಅರ್ಧ ಗಂಟೆ ಇದ್ದದ್ದು ಅಲ್ಲಿ.

ಪ್ರಾಣಾಯಾಮ ಬೇಡ ಎನ್ನುತ್ತಿಲ್ಲ. ಮಾತ್ರೆಯನ್ನೂ ತಪ್ಪದೆ ನುಂಗುತ್ತೇನೆ. ಆದರೆ ಕೊಳಾಯಿ ಒಡೆದು ಸೋರುತ್ತಿರುವಾಗ ನೆಲ ಒರೆಸುವುದನ್ನಷ್ಟೇ ಕಲಿಸಿದರೆ, ಜೀವನಪೂರ್ತಿ ಒರೆಸುತ್ತಲೇ ಇರಬೇಕು.

ತಪ್ಪು ನನ್ನದೂ ಇದೆ. ಇವರು ಒಮ್ಮೆ ಹುರುಳಿಕಾಯಿ ದಪ್ಪದಪ್ಪ ಹೆಚ್ಚಿದಾಗ "ಬಿಡಿ, ನಾನೇ ಮಾಡ್ತೀನಿ" ಎಂದು ಚಾಕು ಕಿತ್ತುಕೊಂಡವಳು ನಾನೇ. ಮಗಳಿಗೆ ಸಾರು ಕಲಿಸಿ ಮಗನನ್ನು ಕ್ರಿಕೆಟ್ಟಿಗೆ ಕಳಿಸಿದವಳೂ ನಾನೇ.

ಕೊನೆಗೆ ಒಂದು ಹಾಳೆಯಲ್ಲಿ ಮನೆಯ ಕೆಲಸಗಳನ್ನೆಲ್ಲ ಬರೆದೆ. 31 ಆದವು. 27ರ ಮುಂದೆ ನನ್ನ ಹೆಸರು. ಹಾಳೆಯನ್ನು ಊಟದ ಮೇಜಿನ ಮೇಲಿಟ್ಟೆ, ಅಳಲಿಲ್ಲ, ಜಗಳವಾಡಲಿಲ್ಲ. ಇವರು ಎರಡು ಸಲ ಓದಿದರು. ಈಗ ಬೆಳಗಿನ ಹಾಲು, ಡಬ್ಬಿ ಇವರದು. ರಾತ್ರಿಯ ಪಾತ್ರೆ ಮಗನದು. ಮೊದಲ ವಾರ ಉಪ್ಪಿಟ್ಟು ತಳ ಹಿಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆ ಹೊತ್ತಿನಲ್ಲಿ ನಾನು ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ.

ಡಾಕ್ಟರೇ, ನಿಮ್ಮಲ್ಲೊಂದು ವಿನಂತಿ. ನಮ್ಮಂಥವರು ಬಂದಾಗ ಎರಡು ಚೀಟಿ ಬರೆಯಿರಿ. ಒಂದು ನಮಗೆ, ಮಾತ್ರೆಗೆ. ಇನ್ನೊಂದು ಪಕ್ಕದಲ್ಲಿ ಕೂತು ತಲೆಯಾಡಿಸುವವರಿಗೆ: ಪಾತ್ರೆ, ದಿನಕ್ಕೆ ಎರಡು ಸಲ, ಊಟದ ನಂತರ.